‘ರನ್’ ಎಂಬ ಒಂದು ಪದಕ್ಕೆ ಟರ್ಕಿಶ್‌ನಲ್ಲಿ ಎಷ್ಟು ಪದ? ಕನ್ನಡದಿಂದ ನೇರ ದಾರಿ ಇದೆಯೇ?

ಮಗ್ಗದ ಮನೆ:

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಬೆಳೆದವನು. ಈಗ ಪಶ್ಚಿಮ ಟರ್ಕಿಯ ದೆನಿಜ್ಲಿ ಎಂಬ ಊರಿನಲ್ಲಿ, ಟವೆಲ್ ನೇಯುವ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮಾತನಾಡುವಷ್ಟು ಟರ್ಕಿಶ್ ಬರುತ್ತದೆ, ಬರೆಯುವಷ್ಟು ಇನ್ನೂ ಬಂದಿಲ್ಲ.

ಹೊಸ ಮಗ್ಗವೊಂದು ಬಂದಾಗ ಅದರ ಇಂಗ್ಲಿಷ್ ಕೈಪಿಡಿಯಿಂದ ಮುಖ್ಯವಾದ ಐದು ಸೂಚನೆಗಳನ್ನು ಆರಿಸಿ, ಟರ್ಕಿಶ್‌ನಲ್ಲಿ ಒಂದು ಹಾಳೆ ಬರೆದು ಯಂತ್ರದ ಪಕ್ಕ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಐದೂ ಸೂಚನೆಗಳಲ್ಲಿ ‘ರನ್’ ಇತ್ತು. ಕಿಸೆ ನಿಘಂಟಿನಲ್ಲಿ ಆ ಪದದ ಎದುರು ಮೊದಲು ಕಂಡದ್ದು ‘ಕೊಶ್ಮಕ್’, ಅಂದರೆ ಓಡು. ನಾನು ಐದೂ ಕಡೆ ಅದೇ ಧಾತುವನ್ನು ಬಳಸಿದೆ. ನಮ್ಮ ಯಂತ್ರಶಾಲೆಯ ಹಿರಿಯ ಮೇಸ್ತ್ರಿಯನ್ನು ಇಲ್ಲಿ ಎಲ್ಲರೂ ‘ಉಸ್ತ’ ಎಂದು ಕರೆಯುತ್ತಾರೆ. ನಮ್ಮ ಕಡೆಯ ‘ಉಸ್ತಾದ್’ ಎಂಬುದೇ ಅದು. ಅವರು ಹಾಳೆಯ ಮುಂದೆ ನಿಂತು ಮೊದಲ ಸಾಲನ್ನು ಎರಡು ಸಲ ಓದಿದರು. ಅಂಗಿಯ ಜೇಬಿನಿಂದ ಪೆನ್ನು ತೆಗೆದು ‘ಕೊಶ್ಮಯಿನ್’ ಎಂಬುದನ್ನು ಹೊಡೆದು, ಅದರ ಮೇಲೆ ಅಚ್ಚುಕಟ್ಟಾದ ಅಕ್ಷರಗಳಲ್ಲಿ ‘ಚಲಿಶ್ತಿರ್ಮಯಿನ್’ ಎಂದು ಬರೆದರು. ಹಾಗೆಯೇ ಕೆಳಗಿನ ನಾಲ್ಕು ಸಾಲುಗಳನ್ನೂ ತಿದ್ದಿದರು. ಕೆಲಸದಲ್ಲಿರುವವರಿಗೆ ಇಲ್ಲಿ ಹೇಳುವ ‘ಕೊಲಯ್ ಗೆಲ್ಸಿನ್’, ಅಂದರೆ ಕೆಲಸ ಸಲೀಸಾಗಿ ಆಗಲಿ ಎಂಬ ಮಾತನ್ನು ಹೇಳಿ ಹೋದರು.

ತಿದ್ದುಪಡಿಯ ನಂತರ ಆ ಐದು ‘ರನ್’ಗಳಿಗೆ ನಾಲ್ಕು ಬೇರೆ ಬೇರೆ ಕ್ರಿಯಾಪದಗಳು ಬಂದಿದ್ದವು, ಅವುಗಳಲ್ಲಿ ಒಂದೂ ಓಟಕ್ಕೆ ಸಂಬಂಧಿಸಿದ್ದಲ್ಲ. ಮುಚ್ಚಳ ತೆರೆದಿರುವಾಗ ಯಂತ್ರವನ್ನು ‘ರನ್’ ಮಾಡಬೇಡಿ ಎಂಬಲ್ಲಿ ‘ಚಲಿಶ್ತಿರ್ಮಕ್’. ಎಣ್ಣೆ ‘ರನ್ ಔಟ್’ ಆದರೆ ಎಂಬಲ್ಲಿ ‘ಬಿತ್ಮೆಕ್’. ಕೀಲಿನಿಂದ ಎಣ್ಣೆ ‘ರನ್’ ಆಗುತ್ತಿದ್ದರೆ ಎಂಬಲ್ಲಿ ‘ಅಕ್ಮಕ್’. ಕೇಬಲ್ ಯಂತ್ರದ ಅಡಿಯಲ್ಲಿ ‘ರನ್’ ಆಗಬಾರದು ಎಂಬಲ್ಲಿ ‘ಗೆಚ್ಮೆಕ್’. ಎಳೆ ಹೂಡುವ ಮುನ್ನ ಹತ್ತು ನಿಮಿಷ ಖಾಲಿ ‘ರನ್’ ಮಾಡಿ ಎಂಬಲ್ಲಿ ಮತ್ತೆ ‘ಚಲಿಶ್ತಿರ್ಮಕ್’.

ಯಾವಾಗ ಯಾವುದು ಎಂಬುದನ್ನು ಬಲ್ಲವರು ಹೇಗೆ ತೀರ್ಮಾನಿಸುತ್ತಾರೆ? ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ? ದಯವಿಟ್ಟು ತಿಳಿಸಿ.

ನಿಘಂಟು ಓದುಗ:

ಮಗ್ಗದ ಮನೆಯವರೇ, ನೀವು ಎಡವಿದ್ದು ಇಂಗ್ಲಿಷಿನ ಅತ್ಯಂತ ದೊಡ್ಡ ಕ್ರಿಯಾಪದದ ಮೇಲೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಸುಮಾರು 430 ಅರ್ಥಗಳೊಂದಿಗೆ ‘ಸೆಟ್’ ಮುಂದಿತ್ತು. ಮುಂದಿನ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ‘ರನ್’ ಎಂಬುದಕ್ಕೆ, ಕ್ರಿಯಾಪದವಾಗಿ ಮಾತ್ರ, 645 ಅರ್ಥಗಳನ್ನು ಗುರುತಿಸಲಾಯಿತು. ಆ ಒಂದು ಪದವನ್ನು ವಿಂಗಡಿಸಲು ಸಂಪಾದಕರೊಬ್ಬರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಇಷ್ಟನ್ನು ಪಟ್ಟಿ ಮಾಡಿ ಕಲಿಯುವುದು ಯಾರಿಗೂ ಸಾಧ್ಯವಿಲ್ಲ, ಇಂಗ್ಲಿಷರೂ ಹಾಗೆ ಕಲಿತವರಲ್ಲ.

ನಾವು ಬಳಸುವ ನಿಘಂಟುಗಳ ಚರಿತ್ರೆಯೂ ನಿಮ್ಮ ತೊಡಕಿಗೆ ಒಂದು ಕಾರಣ. ರೆಡ್‌ಹೌಸ್ ಅವರ ಟರ್ಕಿಶ್–ಇಂಗ್ಲಿಷ್ ನಿಘಂಟು ಅಮೆರಿಕನ್ ಮಿಷನ್ ಪರವಾಗಿ 1890ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಾಸೆಲ್ ಮಿಷನ್ ಮೂಲಕ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಾಲ್ಕು ವರ್ಷಗಳ ಅಂತರದಲ್ಲಿ ಬಂದ ಈ ಎರಡು ಮಹತ್ಕೃತಿಗಳ ಇನ್ನೊಂದು ಬದಿಯಲ್ಲಿ ಇರುವುದು ಇಂಗ್ಲಿಷೇ. ಆದ್ದರಿಂದ ಕನ್ನಡಿಗನೊಬ್ಬ ಟರ್ಕಿಶ್ ಕಲಿಯಲು ಹೊರಟರೆ ಎರಡು ನಿಘಂಟುಗಳ ನಡುವೆ ಇಂಗ್ಲಿಷಿನ ಸೇತುವೆಯನ್ನು ದಾಟಲೇಬೇಕಾಗುತ್ತದೆ, ಮತ್ತು ಆ ಸೇತುವೆಯ ಮೇಲೆ ನಿಂತಿರುವ ಪದಗಳು ‘ರನ್’ನಂಥವೇ ಆಗಿರುತ್ತವೆ.

ನನ್ನ ಸಲಹೆ ಇಷ್ಟೇ. ಇಂಗ್ಲಿಷ್ ವಾಕ್ಯವನ್ನು ಓದಿದ ಮೇಲೆ ‘ರನ್’ ಎಂಬುದನ್ನು ಮರೆತು, ಅದೇ ಮಾತನ್ನು ನಿಮ್ಮ ಮನೆಯಲ್ಲಿ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿಕೊಳ್ಳಿ. ಎಣ್ಣೆ ‘ಮುಗಿದರೆ’, ಎಣ್ಣೆ ‘ಹರಿಯುತ್ತಿದ್ದರೆ’, ಕೇಬಲ್ ಅಡಿಯಿಂದ ‘ಹಾದುಹೋಗಬಾರದು’. ಉಸ್ತ ಬರೆದ ‘ಬಿತ್ಮೆಕ್’, ‘ಅಕ್ಮಕ್’, ‘ಗೆಚ್ಮೆಕ್’ ಇವು ಕ್ರಮವಾಗಿ ಮುಗಿ, ಹರಿ, ಹಾಯು ಎಂಬ ಅರ್ಥದವೇ. ಕನ್ನಡ ಆಗಲೇ ಮಾಡಿಟ್ಟಿದ್ದ ವಿಂಗಡಣೆಯನ್ನು ನೀವು ಇಂಗ್ಲಿಷಿನ ಹಾಳೆ ನೋಡಿ ಅಳಿಸಿಬಿಟ್ಟಿರಿ.

ಕಡಲಂಚು:

ನಾನು ಇಸ್ತಾಂಬುಲ್‌ನಲ್ಲಿ ಓದುತ್ತಿದ್ದೇನೆ, ಊರು ಕಾರವಾರ. ಅಣ್ಣ, ನಿಮ್ಮ ಉಸ್ತ ಮೊದಲ ಸಾಲನ್ನು ಏಕೆ ಎರಡು ಸಲ ಓದಿದರು ಎಂಬುದು ನನಗೆ ಹೊಳೆಯಿತು. ‘ಕೊಶ್ಮಕ್’ ಎಂದರೆ ಓಡು, ನಿಜ. ಆದರೆ ಅದು ಕರ್ಮಪದವನ್ನು ತೆಗೆದುಕೊಂಡಾಗ ಅರ್ಥ ಬೇರೆಯಾಗುತ್ತದೆ. ಕುದುರೆಯನ್ನು ಗಾಡಿಗೆ, ಎತ್ತನ್ನು ನೇಗಿಲಿಗೆ ಕಟ್ಟುವುದಕ್ಕೂ ‘ಕೊಶ್ಮಕ್’ ಎಂದೇ ಹೇಳುತ್ತಾರೆ. ಕುದುರೆಯ ಸಜ್ಜಿಗೆ ‘ಕೊಶುಮ್’ ಎಂದು ಹೆಸರು. ಆದ್ದರಿಂದ ನೀವು ಬರೆದ ‘ಮಾಕಿನೆಯಿ ಕೊಶ್ಮಯಿನ್’ ಎಂಬುದನ್ನು ಟರ್ಕಿಯವರೊಬ್ಬರು ಓದಿದರೆ ಅವರಿಗೆ ಕಾಣುವುದು ‘ಯಂತ್ರವನ್ನು ಹೂಡಬೇಡಿ’ ಎಂಬಂಥ ಮಾತು. ಎಲ್ಲಿಗೆ, ಯಾವ ಗಾಡಿಗೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ.

ಇದು ತಿಳಿದ ದಿನ ನನಗೆ ನಮ್ಮ ‘ಹೂಡು’ ನೆನಪಾಯಿತು. ನಾವು ಎತ್ತು ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ದಾವೆ ಹೂಡುತ್ತೇವೆ, ಸಂಚು ಹೂಡುತ್ತೇವೆ. ಅವರು ಕುದುರೆ ಹೂಡಿದಂತೆಯೇ ಷರತ್ತನ್ನೂ ಹೂಡುತ್ತಾರೆ: ‘ಶರ್ತ್ ಕೊಶ್ಮಕ್’ ಎಂದರೆ ಷರತ್ತು ಹಾಕುವುದು. ಇಂದಿನ ಟರ್ಕಿಶ್‌ನಲ್ಲಿ ಷರತ್ತಿಗೆ ಇರುವ ‘ಕೊಶುಲ್’ ಎಂಬ ಹೊಸ ಪದ ಹುಟ್ಟಿದ್ದೂ ಇದೇ ಧಾತುವಿನಿಂದ.

ವಾಹನಗಳ ವಿಷಯದಲ್ಲಿ ಇನ್ನೊಂದು ಮಾತು. ಕಾದಿಕೊಯ್‌ನಿಂದ ಎಮಿನೊನುವಿಗೆ ದೋಣಿಗಳು ‘ರನ್’ ಆಗುತ್ತವೆ ಎನ್ನುವಲ್ಲಿ ‘ಕೊಶ್ಮಕ್’ ಬರುವುದಿಲ್ಲ, ಯಂತ್ರಕ್ಕೆ ಬಂದ ‘ಚಲಿಶ್ಮಕ್’ ಸಹ ಸಾಮಾನ್ಯವಾಗಿ ಬರುವುದಿಲ್ಲ. ‘ಸೆಫೆರ್’ ಎಂಬ ನಾಮಪದ ಬರುತ್ತದೆ. ತೆಂಕಣ ದಿಕ್ಕಿನಿಂದ ‘ಲೊದೊಸ್’ ಎಂಬ ಗಾಳಿ ಬಲವಾಗಿ ಬೀಸಿದ ದಿನ ‘ವಪುರ್ ಸೆಫೆರ್ಲೆರಿ ಇಪ್ತಾಲ್’, ಅಂದರೆ ದೋಣಿಗಳ ಸಂಚಾರ ರದ್ದು ಎಂಬ ಪ್ರಕಟಣೆ ಹೊರಡುತ್ತದೆ. ಅರಬ್ಬಿಯಿಂದ ಬಂದ ಈ ‘ಸೆಫೆರ್’ ಯಾತ್ರೆಯೂ ಹೌದು, ದಂಡಯಾತ್ರೆಯೂ ಹೌದು, ‘ಬು ಸೆಫೆರ್’ ಎಂದಾಗ ‘ಈ ಸಲ’ವೂ ಹೌದು. ನಾವು ‘ಟ್ರಿಪ್’ ಎನ್ನುವ ಹಾಗೆ: ಈ ಬಸ್ಸು ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುತ್ತದೆ.

ಮಲೆನಾಡಿನ ಮೇಷ್ಟ್ರು:

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಇದರ ಬೇರು ಪದಗಳಲ್ಲಿ ಇಲ್ಲ, ವ್ಯಾಕರಣದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಲವತ್ತು ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿ, ನಿವೃತ್ತಿಯ ನಂತರ ಆಸಕ್ತಿಯಿಂದ ಟರ್ಕಿಶ್ ಓದಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಂಗ್ಲಿಷಿನಲ್ಲಿ ಯಂತ್ರ ತಾನಾಗಿ ‘ರನ್’ ಆಗುತ್ತದೆ, ಮನುಷ್ಯನೂ ಯಂತ್ರವನ್ನು ‘ರನ್’ ಮಾಡುತ್ತಾನೆ. ಎರಡಕ್ಕೂ ಪದದ ರೂಪ ಒಂದೇ, ಕರ್ಮಪದ ಇದೆಯೋ ಇಲ್ಲವೋ ಎಂಬುದರಿಂದ ವ್ಯತ್ಯಾಸ ತಿಳಿಯಬೇಕು. ಕನ್ನಡದಲ್ಲಿ ಹಾಗಾಗದು. ಮಗ್ಗ ‘ಓಡುತ್ತದೆ’, ನೇಕಾರ ಮಗ್ಗವನ್ನು ‘ಓಡಿಸುತ್ತಾನೆ’. ಸಂಸ್ಥೆ ‘ನಡೆಯುತ್ತದೆ’, ಅದನ್ನು ಒಬ್ಬರು ‘ನಡೆಸುತ್ತಾರೆ’. ನೀರು ‘ಹರಿಯುತ್ತದೆ’, ನಾಲೆಗೆ ನೀರು ‘ಹರಿಸುತ್ತಾರೆ’. ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ ಸೇರದೆ ಕನ್ನಡಿಗನ ಬಾಯಿಂದ ಆ ಎರಡನೆಯ ಅರ್ಥ ಹೊರಡುವುದೇ ಇಲ್ಲ. ಟರ್ಕಿಶ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ‘ಚಲಿಶ್ಮಕ್’ ಎಂದರೆ ಯಂತ್ರ ತಾನು ಓಡುವುದು. ‘ತಿರ್’ ಎಂಬುದು ನಡುವೆ ಸೇರಿ ‘ಚಲಿಶ್ತಿರ್ಮಕ್’ ಆದಾಗ ಓಡಿಸುವುದು. ‘ಇಶ್ಲೆಮೆಕ್’ ಎಂದರೆ ಕೆಲಸ ಸಾಗುವುದು. ‘ಇಶ್ಲೆತ್ಮೆಕ್’ ಎಂದರೆ ಅಂಗಡಿಯನ್ನೋ ಹೋಟೆಲನ್ನೋ ನಡೆಸುವುದು. ‘ಅಕ್ಮಕ್’ ಹರಿಯುವುದು, ‘ಅಕಿತ್ಮಕ್’ ಹರಿಸುವುದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವ್ಯವಹಾರ ನಿರ್ವಹಣೆಯ ವಿಭಾಗಕ್ಕೆ ‘ಇಶ್ಲೆತ್ಮೆ’ ಎಂದೇ ಹೆಸರು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಎಂಬುದಕ್ಕೆ ‘ಇಶ್ಲೆತಿಮ್ ಸಿಸ್ತೆಮಿ’.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಯುರುಮೆಕ್’ ಎಂಬ ಪದ. ಅದರ ಮೂಲಾರ್ಥ ಕಾಲ್ನಡಿಗೆಯಲ್ಲಿ ನಡೆಯುವುದು. ‘ಬು ಇಶ್ ಬೊಯ್ಲೆ ಯುರುಮೆಜ್’ ಎಂದರೆ ‘ಈ ಕೆಲಸ ಹೀಗೆ ನಡೆಯುವುದಿಲ್ಲ’. ಪದಕ್ಕೆ ಪದ ಇಟ್ಟು ನೋಡಿ: ಬು – ಈ, ಇಶ್ – ಕೆಲಸ, ಬೊಯ್ಲೆ – ಹೀಗೆ, ಯುರುಮೆಜ್ – ನಡೆಯುವುದಿಲ್ಲ. ಪದಗಳ ಕ್ರಮವೂ ಬದಲಾಗಲಿಲ್ಲ, ನಿಷೇಧ ಕ್ರಿಯಾಪದದ ಒಳಗೇ ಸೇರಿಕೊಂಡಿತು, ನಡಿಗೆಯ ಪದವೇ ಕೆಲಸಕ್ಕೂ ಬಂತು. ಅದಕ್ಕೆ ಪ್ರೇರಣಾರ್ಥಕ ಸೇರಿಸಿದರೆ ‘ಯುರುತ್ಮೆಕ್’, ಅಂದರೆ ನಮ್ಮ ‘ನಡೆಸು’: ಯೋಜನೆ ನಡೆಸು, ತನಿಖೆ ನಡೆಸು. ಟರ್ಕಿಯ 1982ರ ಸಂವಿಧಾನದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಅಂಗಗಳ ಪೈಕಿ ಕಾರ್ಯಾಂಗಕ್ಕೆ ಇರುವ ಹೆಸರು ‘ಯುರುತ್ಮೆ’, ಎಂದರೆ ನಡೆಸುವಿಕೆ. ಸರ್ಕಾರ ನಡೆಸುವುದು ಎಂದು ನಾವು ದಿನವೂ ಹೇಳುವ ಮಾತು ಅಲ್ಲಿ ಸಂವಿಧಾನದ ಪಾರಿಭಾಷಿಕ ಪದವಾಗಿ ನಿಂತಿದೆ.

ಕನ್ನಡ ದ್ರಾವಿಡ ಭಾಷೆ, ಟರ್ಕಿಶ್ ತುರ್ಕಿಕ್ ಬಳಗದ್ದು. ಇವೆರಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಧಾತುವಿಗೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಅಂಟಿಸುವ, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಕಟ್ಟಡ ಎರಡರಲ್ಲೂ ಇದೆ ಎಂದಷ್ಟೇ ಹೇಳುತ್ತಿದ್ದೇನೆ. ಆದ್ದರಿಂದ ಮಗ್ಗದ ಮನೆಯವರೇ, ‘ರನ್’ ಕಂಡಾಗ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಕನ್ನಡದಲ್ಲಿ ‘ಇಸು’ ಬರುತ್ತದೆಯೇ, ಇಲ್ಲವೇ? ಬರುವುದಾದರೆ ಟರ್ಕಿಶ್‌ನಲ್ಲೂ ಬಹುಮಟ್ಟಿಗೆ ಪ್ರೇರಣಾರ್ಥಕವೇ ಬೇಕು.

ಎರಡು ದಡ:

ಮೇಷ್ಟ್ರ ಬರಹವನ್ನು ಗೌರವದಿಂದ ಓದಿದೆ. ಆದರೆ ಅನುವಾದವನ್ನೇ ವೃತ್ತಿಯಾಗಿ ಮಾಡುವವಳಾಗಿ ನಾನು ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಇಂಗ್ಲಿಷನ್ನು ಬಿಟ್ಟು ಕನ್ನಡವನ್ನೇ ಹಿಡಿದುಕೊಂಡರೆ ಟರ್ಕಿಶ್ ತಾನಾಗಿ ಬರುತ್ತದೆ ಎಂಬ ಭಾವನೆ ಇಲ್ಲಿ ಗಟ್ಟಿಯಾಗುತ್ತಿದೆ. ಅದು ಒಂದು ತಪ್ಪನ್ನು ಬಿಟ್ಟು ಇನ್ನೊಂದು ತಪ್ಪನ್ನು ಅಪ್ಪಿಕೊಂಡಂತೆ ಆದೀತು, ಏಕೆಂದರೆ ನಮ್ಮ ಕ್ರಿಯಾಪದಗಳೂ ‘ರನ್’ನಷ್ಟೇ ಹರಡಿಕೊಂಡಿವೆ. ನಮಗೆ ಅವು ತಾಯಿಯ ಬಾಯಿಂದ ಬಂದದ್ದರಿಂದ ಆ ಹರವು ಕಾಣುವುದಿಲ್ಲ.

ನಿಘಂಟು ಓದುಗರು ಉದಾಹರಿಸಿದ ‘ಹರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ನದಿ ಹರಿಯುತ್ತದೆ. ಹಳೆಯ ಸೀರೆ ಹರಿಯುತ್ತದೆ. ಹಾವು ಹರಿಯುತ್ತದೆ. ಲಾರಿ ಹರಿದು ಒಬ್ಬರು ಸತ್ತರು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಸಾಲ ಹರಿಯುತ್ತದೆ. ಬೆಳಕು ಹರಿಯುತ್ತದೆ. ಇವುಗಳಲ್ಲಿ ‘ಅಕ್ಮಕ್’ ಸಲ್ಲುವುದು ನದಿಗೆ ಮಾತ್ರ. ಸೀರೆ ಹರಿದದ್ದಕ್ಕೆ ‘ಯಿರ್ತಿಲ್ಮಕ್’, ಹಾವಿಗೆ ‘ಸುರುನ್ಮೆಕ್’, ಲಾರಿ ಮೈಮೇಲೆ ಹರಿದದ್ದಕ್ಕೆ ಜಜ್ಜು, ಅರೆ ಎಂಬರ್ಥದ ‘ಎಜ್ಮೆಕ್’. ಸಾಲಕ್ಕೆ ಮುಚ್ಚಿಹೋಗು ಎಂಬರ್ಥದ ‘ಕಪನ್ಮಕ್’. ಬೆಳಕು ಹರಿಯುವುದಕ್ಕೆ ಮಾತ್ರ ಅವರ ನುಡಿಗಟ್ಟೊಂದು ನಮ್ಮದರ ಹತ್ತಿರ ಬಂದು ನಿಲ್ಲುತ್ತದೆ: ‘ಶಫಕ್ ಸೊಕ್ತು’. ‘ಸೊಕ್ಮೆಕ್’ ಎಂದರೆ ಹೊಲಿಗೆ ಬಿಚ್ಚು, ಕಿತ್ತು ಬೇರ್ಪಡಿಸು. ಕತ್ತಲೆಯ ಬಟ್ಟೆಯ ಹೊಲಿಗೆ ಬಿಚ್ಚಿದಂತೆ ಅವರಿಗೆ ಬೆಳಗಾಗುತ್ತದೆ. ಬೆಳಕು ‘ಹರಿಯಿತು’ ಎನ್ನುವಾಗ ನಮ್ಮ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ನೀರೋ, ಬಟ್ಟೆಯೋ ಎಂದು ನಾನು ಇದನ್ನು ಕಂಡ ದಿನದಿಂದ ಯೋಚಿಸುತ್ತಿದ್ದೇನೆ.

‘ಓಡು’ ಎಂಬುದೂ ಅಷ್ಟೇ. ತಲೆ ಓಡುತ್ತಿಲ್ಲ ಎಂಬುದಕ್ಕೆ ‘ಕಫಮ್ ಚಲಿಶ್ಮಿಯೊರ್’ ಎಂದು ಯಂತ್ರದ ಕ್ರಿಯಾಪದವೇ ಬರುತ್ತದೆ, ಅಲ್ಲಿ ಮೇಷ್ಟ್ರು ಗೆದ್ದರು. ಆದರೆ ಸಿನಿಮಾ ನೂರು ದಿನ ಓಡಿತು ಎಂಬುದನ್ನು ಹಾಗೆ ಹೇಳಲಾಗದು. ಚಿತ್ರಮಂದಿರದಲ್ಲಿ ಇತ್ತು ಎಂಬರ್ಥದಲ್ಲಿ ‘ವಿಜ್ಯೊಂದ ಕಲ್ದಿ’ ಎನ್ನಬೇಕು. ಹುಡುಗ ಹುಡುಗಿ ಓಡಿಹೋದರು ಎಂಬುದಕ್ಕೆ ‘ಕಚ್ಮಕ್’. ಚುನಾವಣೆಗೆ ಅಮೆರಿಕದವರು ‘ರನ್’ ಆಗುತ್ತಾರೆ, ನಾವು ನಿಲ್ಲುತ್ತೇವೆ, ಟರ್ಕಿಯವರು ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ: ‘ಅದಯ್ ಒಲ್ಮಕ್’, ಅಭ್ಯರ್ಥಿಯಾಗುತ್ತಾರೆ.

‘ನಡೆ’ ಮತ್ತು ‘ಯುರುಮೆಕ್’ ಎಷ್ಟೇ ಹೊಂದಿಕೊಂಡರೂ ಮದುವೆ ನಡೆಯಿತು, ಅಪಘಾತ ನಡೆಯಿತು ಎಂಬಲ್ಲಿ ‘ಯುರುಮೆಕ್’ ಬಳಸುವಂತಿಲ್ಲ. ‘ಯುರುತ್ಮೆಕ್’ ಎಂಬುದಕ್ಕೆ ಆಡುಮಾತಿನಲ್ಲಿ ಗೊತ್ತಾಗದಂತೆ ಎಗರಿಸು ಎಂಬ ಅರ್ಥವೂ ಇದೆ. ಒಬ್ಬರ ಹಣದ ಚೀಲವನ್ನು ‘ಯುರುತ್ತು’ ಎಂದರೆ ಕದ್ದ ಎಂದರ್ಥ. ಆದ್ದರಿಂದ ಏನನ್ನು ‘ನಡೆಸಿದೆ’ ಎನ್ನುತ್ತಿದ್ದೇವೆ ಎಂಬುದರ ಮೇಲೆ ಗಮನವಿರಬೇಕು.

ಮಲೆನಾಡಿನ ಮೇಷ್ಟ್ರು:

ಎರಡು ದಡದವರ ಆಕ್ಷೇಪವನ್ನು ಒಪ್ಪುತ್ತೇನೆ. ‘ನಡೆ’ ಎಂಬುದರ ಸಂಭವಿಸು ಎಂಬ ಅರ್ಥವನ್ನು ನಾನು ಬಿಟ್ಟುಬಿಟ್ಟಿದ್ದೆ. ಪ್ರೇರಣಾರ್ಥಕದ ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಯಾವ ಧಾತು ಎಂಬುದರಲ್ಲಿ ಕನ್ನಡ ತಪ್ಪುದಾರಿ ತೋರಿಸಬಹುದು. ಆ ಧಾತುವಿಗೆ ‘ಇಸು’ ಬೇಕೋ ಬೇಡವೋ ಎಂಬುದರಲ್ಲಿ ಕನ್ನಡದ ಕಿವಿಯನ್ನು ನಂಬಬಹುದು.

ಹೆಣಿಗೆ:

ನಾನು ಟರ್ಕಿಯಲ್ಲಿ ಇಲ್ಲ, ಮೈಸೂರಿನಲ್ಲಿ ಇದ್ದುಕೊಂಡೇ ಟರ್ಕಿಶ್ ಧಾರಾವಾಹಿಗಳನ್ನು ನೋಡುತ್ತಾ ಕಲಿಯುತ್ತಿರುವವಳು. ಎರಡು ದಡದ ಅಕ್ಕ ಹೇಳಿದ ‘ಕಚ್ಮಕ್’ ಬಗ್ಗೆ ಒಂದು ಸಂದೇಹ. ಉದ್ದನೆಯ ಕಾಲುಚೀಲದಲ್ಲಿ ಎಳೆ ಬಿಟ್ಟು ಗೆರೆ ಬೀಳುವುದಕ್ಕೆ ಅಮೆರಿಕದ ಇಂಗ್ಲಿಷಿನಲ್ಲಿ ‘ರನ್’ ಎನ್ನುತ್ತಾರೆ. ಧಾರಾವಾಹಿಯಲ್ಲಿ ಒಬ್ಬಾಕೆ ‘ಚೊರಬಿಮ್ ಕಚ್ತಿ’ ಎಂದಳು. ನನ್ನ ಕಾಲುಚೀಲ ಓಡಿಹೋಯಿತು ಎಂದೇ? ಬಸ್ಸು ತಪ್ಪಿತು ಎನ್ನುವಾಗಲೂ ಇದೇ ಪದ ಕೇಳಿದ ಹಾಗಾಯಿತು.

ಎರಡು ದಡ:

ನೀವು ಕೇಳಿದ್ದು ಸರಿಯಾಗಿಯೇ ಇದೆ ತಂಗಿ, ಮತ್ತು ಇದು ಟರ್ಕಿಶ್‌ನ ಅತ್ಯಂತ ಸೊಗಸಾದ ಕ್ರಿಯಾಪದಗಳಲ್ಲಿ ಒಂದು. ‘ಕಚ್ಮಕ್’ ಎಂದರೆ ಹಿಡಿತದಿಂದ ತಪ್ಪಿಸಿಕೊಳ್ಳುವುದು. ಕಳ್ಳ ತಪ್ಪಿಸಿಕೊಳ್ಳುತ್ತಾನೆ, ಹೆಣಿಗೆಯ ಕುಣಿಕೆ ಕಡ್ಡಿಯಿಂದ ತಪ್ಪಿಸಿಕೊಳ್ಳುತ್ತದೆ, ‘ಉಯ್ಕುಮ್ ಕಚ್ತಿ’ ಎಂದಾಗ ನಿದ್ದೆ ತಪ್ಪಿಸಿಕೊಂಡು ಹೋಗುತ್ತದೆ. ನಾವು ನಿದ್ದೆ ಹಾರಿಹೋಯಿತು ಎನ್ನುತ್ತೇವೆ. ಕಾಲುಚೀಲದಲ್ಲೂ ಆಗಿರುವುದು ಕುಣಿಕೆ ಜಾರಿದ್ದೇ.

ಬಸ್ಸಿನ ವಿಷಯದಲ್ಲಿ ಪ್ರೇರಣಾರ್ಥಕ ಬರುತ್ತದೆ. ‘ಕಚಿರ್ಮಕ್’ ಎಂದರೆ ತಪ್ಪಿಸಿಕೊಳ್ಳುವಂತೆ ಮಾಡು. ‘ಒತೊಬುಸು ಕಚಿರ್ದಿಮ್’ ಎಂಬುದನ್ನು ಬಿಡಿಸಿದರೆ ‘ಬಸ್ಸನ್ನು ತಪ್ಪಿಸಿದೆ’ ಎಂದಾಗುತ್ತದೆ. ಈಗ ನಮ್ಮ ಮಾತನ್ನು ನೋಡಿ: ‘ಬಸ್ಸು ತಪ್ಪಿಸಿಕೊಂಡೆ’. ನಾವೂ ‘ತಪ್ಪು’ ಎಂಬುದಕ್ಕೆ ‘ಇಸು’ ಹಚ್ಚಿಯೇ ಆ ಅರ್ಥವನ್ನು ಪಡೆದಿದ್ದೇವೆ. ಇಲ್ಲಿ ನಾನು ಮೇಷ್ಟ್ರ ಪಕ್ಷಕ್ಕೆ ಬರುತ್ತೇನೆ.

ನಿಘಂಟು ಓದುಗ:

‘ರನ್’ ಜೊತೆಗೆ ಅವ್ಯಯ ಸೇರಿ ಆಗುವ ಕೂಡುಪದಗಳ ಬಗ್ಗೆ ಬೇಗನೆ ಒಂದೆರಡು ಮಾತು, ಏಕೆಂದರೆ ಕಾರ್ಖಾನೆಯ ಕೈಪಿಡಿಗಳಲ್ಲಿ ಅವೇ ಹೆಚ್ಚು. ‘ರನ್ ಔಟ್’ ಎಂಬುದಕ್ಕೆ ‘ಬಿತ್ಮೆಕ್’ ಸಾಮಾನ್ಯ: ‘ಸುತ್ ಬಿತ್ತಿ’, ಹಾಲು ಮುಗಿಯಿತು. ಅಂಗಡಿಯಲ್ಲಿ ದಾಸ್ತಾನು ಪೂರ್ತಿ ಖಾಲಿಯಾದಾಗ ‘ತುಕೆನ್ಮೆಕ್’. ನಿಮ್ಮ ಉಸ್ತ ಜೇಬಿನಿಂದ ತೆಗೆದ ಬಾಲ್‌ಪೆನ್ನಿಗೂ ಅಲ್ಲಿ ‘ತುಕೆನ್ಮೆಜ್ ಕಲೆಮ್’, ಅಂದರೆ ಮುಗಿಯದ ಲೇಖನಿ ಎಂದೇ ಹೆಸರು. ‘ರನ್ ಇನ್ಟು’ ಎಂಬುದು ಮೂರಾಗಿ ಒಡೆಯುತ್ತದೆ. ಅಕಸ್ಮಾತ್ತಾಗಿ ಸಿಕ್ಕರೆ ‘ರಸ್ತ್ಲಮಕ್’. ಇಬ್ಬರೂ ಎದುರುಬದುರಾದರೆ ‘ಕರ್ಶಿಲಶ್ಮಕ್’, ಇದರಲ್ಲಿನ ‘ಕರ್ಶಿ’ ಎಂದರೆ ಎದುರು. ವಾಹನ ಗೋಡೆಗೆ ಗುದ್ದಿದರೆ ‘ಚರ್ಪ್ಮಕ್’. ಇಲ್ಲಿ ಕನ್ನಡದ ಸಿಕ್ಕು, ಎದುರಾಗು, ಗುದ್ದು ಎಂಬವು ನೇರವಾಗಿ ಹೊಂದುತ್ತವೆ.

ಜ್ವರದ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಮೈಯ ಶಾಖವೂ ‘ರನ್’ ಆಗುತ್ತದೆ. ಟರ್ಕಿಶ್‌ನಲ್ಲಿ ‘ಅತೆಶಿಮ್ ವರ್’ ಎಂದರೆ ಸಾಕು. ‘ಅತೆಶ್’ ಎಂದರೆ ಬೆಂಕಿ, ‘ಇಮ್’ ಎಂದರೆ ನನ್ನ, ‘ವರ್’ ಎಂದರೆ ಇದೆ. ನಮ್ಮ ‘ನನಗೆ ಜ್ವರ ಇದೆ’ ಎಂಬುದಕ್ಕೂ ಇದಕ್ಕೂ ಇರುವ ದೂರ ಬಹಳ ಕಡಿಮೆ.

ಕಲಬುರಗಿ ಕೋಟೆ:

ನಮ್ಮ ಭಾಗದವರಿಗೆ ಇನ್ನೊಂದು ದಾರಿಯೂ ಉಂಟು. ‘ಇನ್ ದ ಲಾಂಗ್ ರನ್’ ಎಂಬ ಇಂಗ್ಲಿಷ್ ನುಡಿಗಟ್ಟಿಗೆ ಟರ್ಕಿಶ್‌ನಲ್ಲಿ ‘ಉಜುನ್ ವಾದೆದೆ’ ಎನ್ನುತ್ತಾರೆ. ‘ಉಜುನ್’ ಎಂದರೆ ಉದ್ದ. ‘ವಾದೆ’ ಎಂದರೆ ಗೊತ್ತುಪಡಿಸಿದ ಅವಧಿ. ಅರಬ್ಬಿಯ ಅದೇ ಪದ ನಮ್ಮಲ್ಲಿಗೆ ‘ವಾಯಿದೆ’ಯಾಗಿ ಬಂದಿದೆ, ಸಾಲದ ವಾಯಿದೆ ಮುಗಿಯಿತು ಎಂದು ಇವತ್ತಿಗೂ ಹೇಳುತ್ತೇವೆ. ಕಡಲಂಚಿನವರು ಹೇಳಿದ ‘ಶರ್ತ್’ ನಮ್ಮ ಷರತ್ತು. ಲೆಕ್ಕಕ್ಕೆ ಅವರು ‘ಹೆಸಾಪ್’ ಎಂದರೆ ನಾವು ಹಿಸಾಬು ಎನ್ನುತ್ತೇವೆ, ‘ಜೆವಾಪ್’ ಎಂದರೆ ಜವಾಬು, ‘ದುಕ್ಕಾನ್’ ಎಂದರೆ ದುಕಾನು, ‘ದೆಫ್ತೆರ್’ ಎಂದರೆ ದಫ್ತರ. ಬಟ್ಟೆ ಒಗೆದಾಗ ಬಣ್ಣ ‘ರನ್’ ಆಗುವುದಕ್ಕೆ ಅವರು ‘ರೆಂಕ್ ವೆರ್ದಿ’ ಎನ್ನುತ್ತಾರೆ, ಬಣ್ಣ ಕೊಟ್ಟಿತು ಎಂದು. ನಾವು ಬಣ್ಣ ಬಿಟ್ಟಿತು ಎನ್ನುತ್ತೇವೆ. ಕೊಡುವುದೂ ಬಿಡುವುದೂ ಬೇರೆಯಾದರೂ ‘ರೆಂಕ್’ ಎಂಬ ಪಾರಸಿ ಪದ ಕಿವಿಗೆ ಬಿದ್ದರೆ ನಮ್ಮ ‘ರಂಗು’ ನೆನಪಾಗದೆ ಇರದು.

1932ರಲ್ಲಿ ಸ್ಥಾಪನೆಯಾದ ಟರ್ಕಿಶ್ ಭಾಷಾ ಸಂಸ್ಥೆ ಅರಬ್ಬಿ, ಪಾರಸಿ ಪದಗಳ ಜಾಗದಲ್ಲಿ ದೇಶೀಯ ಪದಗಳನ್ನು ತರಲು ಬಹಳ ಶ್ರಮಿಸಿತು. ಆದರೂ ಬಜಾರಿನಲ್ಲಿ, ಬಾಡಿಗೆ ಪತ್ರದಲ್ಲಿ, ಸಾಲದ ಮಾತಿನಲ್ಲಿ ಹಳೆಯವು ಉಳಿದಿವೆ. ಕಲಬುರಗಿ, ಬೀದರ್ ಕಡೆಯವರ ಕಿವಿಗೆ ಅವು ಪರಿಚಿತವಾಗಿಯೇ ಕೇಳಿಸುತ್ತವೆ.

ಪಡುಬಿದ್ರಿ:

ಅರ್ಥದ ಚರ್ಚೆಯ ನಡುವೆ ಉಚ್ಚಾರದ ಬಗ್ಗೆ ಒಂದು ಮಾತಿಗೆ ಅವಕಾಶ ಕೊಡಿ. ಇಲ್ಲಿ ಎಲ್ಲರೂ ‘ಚಲಿಶ್ಮಕ್’ ಎಂದು ಬರೆಯುತ್ತಿದ್ದೇವೆ. ಆದರೆ ಅದರ ನಡುವಿನ ಸ್ವರ ನಮ್ಮ ‘ಇ’ ಅಲ್ಲ. 1928ರಲ್ಲಿ ಟರ್ಕಿ ಅರಬ್ಬಿ ಲಿಪಿಯನ್ನು ಬಿಟ್ಟು 29 ಅಕ್ಷರಗಳ ಲ್ಯಾಟಿನ್ ಲಿಪಿಯನ್ನು ತೆಗೆದುಕೊಂಡಾಗ ಆ ಸ್ವರಕ್ಕೆಂದೇ ಚುಕ್ಕೆ ಇಲ್ಲದ ಒಂದು ಅಕ್ಷರವನ್ನು ಇಟ್ಟುಕೊಂಡಿತು. ಕನ್ನಡ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ. ತುಟಿಯನ್ನು ದುಂಡಗೆ ಮಾಡದೆ ‘ಉ’ ಎಂದರೆ ಅದರ ಹತ್ತಿರ ಬರುತ್ತದೆ. ತುಳು ಮನೆಮಾತಿನವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ನಮ್ಮ ಪದಗಳ ಕೊನೆಯಲ್ಲಿ ಬರುವ ಸಂವೃತ ಉಕಾರ ಬಹುಮಟ್ಟಿಗೆ ಅದೇ ಧ್ವನಿ. ‘ಕಚಿರ್ದಿಮ್’ ಎಂಬಲ್ಲಿನ ಎರಡೂ ‘ಇ’ಕಾರಗಳು ಈ ಸ್ವರದವು. ಅಮ್ಮನ ಜೊತೆ ತುಳುವಿನಲ್ಲಿ ಮಾತನಾಡುವ ಬಾಯಿಯಲ್ಲಿಯೇ ಅದನ್ನು ಹೇಳಿ ನೋಡಿದರೆ ಟರ್ಕಿಯವರು ತಿದ್ದುವ ಸಂದರ್ಭ ಕಡಿಮೆಯಾಗುತ್ತದೆ.

ಕಡಲಂಚು:

‘ಚಲಿಶ್ಮಕ್’ ಎಂಬುದನ್ನು ಯಂತ್ರ ಓಡುವುದು ಎಂದಷ್ಟೇ ನೆನಪಿಟ್ಟುಕೊಂಡರೆ ಮುಂದೆ ತೊಂದರೆಯಾದೀತು, ಆದ್ದರಿಂದ ಇದನ್ನೂ ಬರೆಯುತ್ತೇನೆ. ಅದರ ಮುಖ್ಯ ಅರ್ಥ ದುಡಿ, ಕೆಲಸ ಮಾಡು. ಯಂತ್ರವೂ ಅವರ ಕಣ್ಣಿಗೆ ದುಡಿಯುತ್ತದೆ. ಪರೀಕ್ಷೆಗೆ ಕೂತು ಓದುವುದಕ್ಕೆ ‘ದೆರ್ಸ್ ಚಲಿಶ್ಮಕ್’. ಕ್ರಿಯಾಪದದ ಚತುರ್ಥಿ ರೂಪದ ಜೊತೆ ಬಂದರೆ ಪ್ರಯತ್ನಿಸು: ‘ಅನ್ಲಮಯ ಚಲಿಶಿಯೊರುಮ್’, ಅರ್ಥಮಾಡಿಕೊಳ್ಳಲು ಯತ್ನಿಸುತ್ತಿದ್ದೇನೆ. ನಾನು ಬಂದ ಹೊಸದರಲ್ಲಿ ರಾತ್ರಿ ಪರೀಕ್ಷೆಗೆ ಓದುತ್ತಿದ್ದಾಗ ಪಕ್ಕದ ಕೋಣೆಯವಳು ಏನು ಮಾಡುತ್ತಿದ್ದೀ ಎಂದು ಕೇಳಿದಳು. ನಾನು ಕನ್ನಡದ ‘ಓದು’ ಎಂಬುದನ್ನೇ ತಿರುಗಿಸಿ ‘ಒಕುಯೊರುಮ್’ ಎಂದೆ. ಅವಳು ನಾನು ಯಾವುದೋ ಕಾದಂಬರಿ ಓದುತ್ತಿದ್ದೇನೆಂದು ತಿಳಿದು ಪಕ್ಕ ಕೂತು ಬಹಳ ಹೊತ್ತು ಮಾತಾಡಿದಳು. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ ಎಂಬುದಕ್ಕೆ ‘ಒಕುಮಕ್’ ಸಲ್ಲುತ್ತದೆ, ನಮ್ಮ ‘ಓದು’ವಿನ ಹಾಗೆಯೇ, ಪರೀಕ್ಷೆಯ ಹಿಂದಿನ ರಾತ್ರಿಯ ಓದಿಗೆ ಸಲ್ಲುವುದಿಲ್ಲ.

ಇನ್ನು ‘ಕೊಶ್ಮಕ್’ ಎಂಬುದಕ್ಕೆ ಪ್ರೇರಣಾರ್ಥಕ ಸೇರಿದ ‘ಕೊಶ್ತುರ್ಮಕ್’ ಓಡಿಸು ಎಂಬ ಅರ್ಥದ ಜೊತೆಗೆ ದಿನವೆಲ್ಲ ಓಡಾಡು ಎಂಬ ಅರ್ಥವನ್ನೂ ಪಡೆದಿದೆ. ‘ಬುತುನ್ ಗುನ್ ಕೊಶ್ತುರ್ದುಮ್’ ಎಂದು ಇಲ್ಲಿನ ಅಕ್ಕಂದಿರು ಸಂಜೆ ಚೀಲ ಇಳಿಸುತ್ತಾ ಹೇಳುವುದನ್ನು ಕೇಳಿದ್ದೇನೆ. ಮೇಷ್ಟ್ರೇ, ಇಲ್ಲಿ ಮಾತ್ರ ಕನ್ನಡದಲ್ಲಿ ‘ಇಸು’ ಬರುವುದಿಲ್ಲ ಅಲ್ಲವೇ?

ಮಲೆನಾಡಿನ ಮೇಷ್ಟ್ರು:

ಬರುವುದಿಲ್ಲ ಮಗಳೇ. ಬರೆದಿಟ್ಟುಕೊಂಡೆ.

ಮಗ್ಗದ ಮನೆ:

ನಿಮ್ಮೆಲ್ಲರ ಬರಹಗಳನ್ನು ಎರಡು ದಿನ ಬಿಡುವಿನಲ್ಲಿ ಓದಿದೆ. ನಮ್ಮ ಮನೆಯಲ್ಲಿ ಅಪ್ಪ ‘ಮಗ್ಗ ಓಡ್ತಿದೆಯಾ?’, ‘ಲಾಳಿ ಸರಿಯಾಗಿ ಓಡ್ತಿಲ್ಲ’, ‘ಎಣ್ಣೆ ಮುಗಿದಿದೆ ನೋಡು’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆ ಮಾತುಗಳನ್ನೇ ಹಿಡಿದುಕೊಂಡು ಹಾಳೆಯನ್ನು ಹೊಸದಾಗಿ ಬರೆದೆ. ಇಂಗ್ಲಿಷ್ ಕೈಪಿಡಿಯನ್ನು ಪಕ್ಕಕ್ಕಿಟ್ಟು, ಮೊದಲು ಐದೂ ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಂಡು, ‘ಇಸು’ ಬಂದಲ್ಲಿ ಗೆರೆ ಎಳೆದೆ. ಆಮೇಲೆ ಎರಡು ದಡದ ಅಕ್ಕ ಹೇಳಿದಂತೆ ಪ್ರತಿಯೊಂದು ಕ್ರಿಯಾಪದವನ್ನೂ ನಿಘಂಟಿನಲ್ಲಿ ತಿರುಗಿ ನೋಡಿದೆ. ಉಸ್ತ ತಿದ್ದಿದ ನಾಲ್ಕು ಪದಗಳಲ್ಲದೆ ಇನ್ನೂ ಆರು ಸೂಚನೆಗಳನ್ನು ನಾನೇ ಸೇರಿಸಿದೆ. ಎಣ್ಣೆ ಧಾರೆಯಾಗಿ ಹರಿಯದೆ ಬರಿಯ ಜಿನುಗುತ್ತಿದ್ದರೆ ‘ಅಕ್ಮಕ್’ ಅಲ್ಲ, ‘ಸಿಜ್ಮಕ್’ ಎಂಬುದೂ ಆಗ ಸಿಕ್ಕಿತು.

ಇವತ್ತು ಬೆಳಗಿನ ಪಾಳಿಯಲ್ಲಿ ಹಾಳೆಯನ್ನು ಉಸ್ತರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದರು. ಪೆನ್ನು ಜೇಬಿನಲ್ಲಿಯೇ ಇತ್ತು. ‘ಬೊಶ್ತ ಚಲಿಶ್ತಿರಿನ್’, ಖಾಲಿ ಓಡಿಸಿ ಎಂಬ ಸಾಲಿಗೆ ಬಂದಾಗ ತಲೆಯೆತ್ತಿ, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ‘ಖಾಲಿ ಓಡಿಸು’ ಎಂದೆ. ‘ಓಡಿಸು’ ಎಂಬುದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಹಾಳೆಯ ನಾಲ್ಕು ಮೂಲೆಗೂ ಅವರೇ ಟೇಪು ಹಚ್ಚಿ ಮಗ್ಗದ ಪಕ್ಕ ಅಂಟಿಸಿ, ಗುಂಡಿಯ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿ ‘ಓಡಿಸು’ ಎಂದರು.